ಗುರುವಾರದ ಏಳು ರೊಟ್ಟಿ

ನಾರಿನ್
ಫೆಬ್ರವರಿ 16, 2019

ಮುದ್ದಿನ ನಾದಿನಿ ಊಲ್ಕಾನ್,

ನೀನು, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ತಾನೆ? ಮೊಣಕಾಲು ನೋವು ಕಡಿಮೆಯಾಯಿತಾ? ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಅತ್ತಿಗೆಗೆ ಸೊಕ್ಕು ಅಂದುಕೊಂಡಿರುತ್ತೀಯ. ಅಂದುಕೋ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನಣ್ಣ ಪಕ್ಕದಲ್ಲೇ ಕೂತಿರುತ್ತಾರೆ. ಉಸಿರಾಟ ಕೆಟ್ಟಿದೆಯೇ ಹೊರತು ಕಿವಿ ಚುರುಕಾಗಿದೆ. ಅದಕ್ಕೇ ನಿಮ್ಮೂರು ಓಶ್ ಕಡೆ ಹೊರಟ ಡ್ರೈವರ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಗಾಬರಿಯಾಗಬೇಡ, ನಿನ್ನಣ್ಣ ಬದುಕಿದ್ದಾರೆ. ಐದು ದಿನ ಆಸ್ಪತ್ರೆಯಲ್ಲಿದ್ದು ಮಂಗಳವಾರ ಮನೆಗೆ ಬಂದರು. ಬಂದವರೇ ಸಾರಿನಲ್ಲಿ ಕೊಬ್ಬು ಕಡಿಮೆ ಅಂತ ನನ್ನ ಮೇಲೆ ರೇಗಿದರು. ಆಗಲೇ ನನಗೆ ಜೀವ ಬಂದಿದ್ದು.

ನಿನಗೆ ಗೊತ್ತಲ್ಲ, ಮೂವತ್ತು ವರ್ಷ ಕಲ್ಲಿದ್ದಲು ಲಾರಿ ಓಡಿಸಿದ ಎದೆ ಅದು. ಮೇಲೆ ದಿನಕ್ಕೆ ಒಂದು ಪ್ಯಾಕು ಸಿಗರೇಟು. ಈ ಕಾಯಿಲೆ ಪೂರ್ತಿ ಹೋಗಲ್ಲ, ಕೆರಳದ ಹಾಗೆ ನೋಡ್ಕೋಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹೊಗೆ, ಧೂಳು, ಥಂಡಿಗಾಳಿ, ಬೇರೆಯವರ ನೆಗಡಿ, ಘಾಟು ವಾಸನೆ, ಯಾವುದೂ ಹತ್ತಿರ ಸುಳಿಯಬಾರದು ಅಂದಿದ್ದರು. ನಾನು ಏನು ಬಿಟ್ಟೆ ಹೇಳು? ಸಿಗರೇಟು ಬಿಡಿಸಿದೆ. ಕಲ್ಲಿದ್ದಲಿನ ಒಲೆ ಆರಿಸಿ ಕರೆಂಟಿನ ಹೀಟರ್ ಇಡಿಸಿದೆ. ಉಣ್ಣೆಯ ಹಾಸುಗಳನ್ನು ಬೇಕೆನ್ ಮನೆ ಅಂಗಳಕ್ಕೆ ಹೊತ್ತುಕೊಂಡು ಹೋಗಿ ಬಡಿದೆ. ಬೇಕೆನ್ ಅಂದರೆ ನಮ್ಮ ಪಕ್ಕದ ಮನೆಯವನು. ಅವನು ಒಂದು ದಿನ ಸಿಗರೇಟು ಹಚ್ಚಿಕೊಂಡೇ ಒಳಗೆ ಬಂದಾಗ ಪೊರಕೆ ಹಿಡಿದು ಗೇಟಿನ ತನಕ ಅಟ್ಟಿದೆ. ಕೆಮ್ಮುತ್ತಾ ಬಂದ ನೆಂಟರಿಗೆ ಚಹಾ ಕೂಡ ಕೊಡದೆ ಹೊಸ್ತಿಲಿನಿಂದಲೇ ವಾಪಸ್ ಕಳಿಸಿದೆ. ನಮ್ಮೂರಲ್ಲಿ ಇದು ಎಂಥ ಮಾತಾಗುತ್ತೆ ಅಂತ ನಿನಗೆ ಹೇಳಬೇಕಾ? ಕಾಲಿಪಾಗೆ ತಲೆ ಕೆಟ್ಟಿದೆ ಅಂದರು. ಅಂದುಕೊಳ್ಳಲಿ ಅಂತ ಸುಮ್ಮನಿದ್ದೆ.

ಅಕ್ಟೋಬರ್ ಬರುತ್ತಿದ್ದ ಹಾಗೆ ಗೋಧಿಹಿಟ್ಟಿನ ಅಂಟು ಕಾಯಿಸಿ, ಕಿಟಕಿಯ ಸಂದುಗಳಿಗೆಲ್ಲ ನಾನೇ ಕಾಗದದ ಪಟ್ಟಿ ಅಂಟಿಸಿದೆ. ಒಂದು ಎಳೆ ಗಾಳಿ ಒಳಗೆ ಬರಬಾರದು ಅಂತ. ಇಷ್ಟು ಮಾಡಿದರೂ ಈ ಚಳಿಗಾಲ ಎರಡು ಸಲ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಸಣ್ಣಪುಟ್ಟದ್ದಕ್ಕೆ ಲೆಕ್ಕವಿಲ್ಲ.

ನಮ್ಮ ಬೀದಿಯ ಆರೋಗ್ಯ ಕೇಂದ್ರದ ನರ್ಸು ಸಾಬಿರಾ ಒಂದು ನೋಟ್‌ಬುಕ್ ಕೊಟ್ಟಳು. "ಕಾಲಿಪಾ ಅಕ್ಕ, ಉಸಿರು ಬಿಗಿಯಾದಾಗೆಲ್ಲ ಬರೀರಿ. ಯಾವ ದಿನ, ಅದಕ್ಕೆ ಮುಂಚೆ ಏನಾಯ್ತು, ಏನ್ ತಿಂದ್ರು, ಯಾರ್ ಬಂದಿದ್ರು, ಒಂದೂ ಬಿಡಬೇಡಿ" ಅಂದಳು. ಬರೆದೆ. ದನ ನೋಡಲು ಹೋದರು ಅಂತ ಬರೆದೆ, ಸೊಸೆ ಸೆಂಟು ಹಾಕಿಕೊಂಡು ಬಂದಳು ಅಂತ ಬರೆದೆ. ನನ್ನಷ್ಟು ಜಾಗ್ರತೆ ಯಾರಿಗೂ ಇಲ್ಲ ಅಂತ ಒಳಗೊಳಗೇ ಬೀಗುತ್ತಿದ್ದೆ.

ಫೆಬ್ರವರಿ ಏಳನೇ ತಾರೀಕು, ಗುರುವಾರ ಮಧ್ಯಾಹ್ನ. ನಾನು ಅಡುಗೆಮನೆಯಲ್ಲಿದ್ದೆ. ಚಳಿಗಾಲದಲ್ಲಿ ಅಡುಗೆ, ಊಟ, ನಿದ್ದೆ ಎಲ್ಲ ನಮಗೆ ಅದೊಂದೇ ಕೋಣೆ ತಾನೆ. ಕಾದ ಎಣ್ಣೆಯ ವಾಸನೆಯೇ ಸತ್ತವರಿಗೆ ಊಟ ಅಲ್ಲವಾ, ಅದನ್ನು ಬಿಡಲು ಏಳು ರೊಟ್ಟಿ ಕರಿಯುತ್ತಿದ್ದೆ. ಮಗಳು ಹೋದಾಗಿನಿಂದ ಮೂರು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿಸಿಲ್ಲ. ನೀನು ಕಳಿಸಿದ ಹತ್ತಿಬೀಜದ ಎಣ್ಣೆಯೇ. ಅದನ್ನು ನೀಲಿ ಹೊಗೆ ಏಳುವ ತನಕ ಕಾಯಿಸದಿದ್ದರೆ ಕಹಿ ಹೋಗುವುದಿಲ್ಲ, ವಾಸನೆಯೂ ದೂರ ಮುಟ್ಟುವುದಿಲ್ಲ. ನಿನ್ನಣ್ಣ ಯಾವಾಗಿನ ಹಾಗೆ ಕರೆಂಟಿನ ಒಲೆ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತಿದ್ದರು. ಐದನೇ ರೊಟ್ಟಿ ಬಿಟ್ಟಿದ್ದೆ, ತಿರುಗಿ ನೋಡುತ್ತೇನೆ, ಎರಡೂ ಕೈ ಮಂಡಿ ಮೇಲೆ ಊರಿ ಬಾಗಿದ್ದಾರೆ, ತುಟಿ ನೀಲಿಯಾಗಿದೆ, ಮಾತೇ ಬರುತ್ತಿಲ್ಲ. ಅದೇ ಹೊತ್ತಿಗೆ ಸಾಬಿರಾ ಬಿಪಿ ನೋಡಲು ಬಂದವಳು ಬಾಗಿಲಲ್ಲೇ ಕೆಮ್ಮಿದಳು. ಎಣ್ಣೆ ಬಾಣಲೆ ಎತ್ತಿ ಹೊರಗೆ ಹಿಮದ ಮೇಲೆ ಇಟ್ಟು ಬಂದಳು. ಆಮೇಲೆ ಕಿಟಕಿಯ ಕಾಗದ ಪಟ್ಟಿಗಳನ್ನು ಪರಪರ ಕಿತ್ತಳು.

"ಏನ್ ಮಾಡ್ತಿದೀಯೇ, ಥಂಡಿ ಹೊಡೆಯುತ್ತೆ ಅವರಿಗೆ" ಅಂತ ನಾನು ಅವಳ ಕೈ ಹಿಡಿದುಕೊಂಡೆ.

"ಅಕ್ಕ, ಈ ಹೊಗೆ ವಾರಾವಾರ ಹಾಕ್ತೀರಾ?"

"ಹೊಗೆ ಎಲ್ಲಿ? ಇದು ವಾಸನೆ ಬಿಡೋದು, ನಿಮ್ಮನೇಲಿ ಮಾಡಲ್ವಾ?"

ಅವಳು ಆ್ಯಂಬುಲೆನ್ಸಿಗೆ ಫೋನ್ ಮಾಡಿದಳು. ಔಷಧಿಯ ಪಂಪು ಅವರ ಬಾಯಿಗಿಟ್ಟಳು. ಗಾಡಿ ಬರುವ ತನಕ ನೋಟ್‌ಬುಕ್ ತಿರುವಿ ನನ್ನ ಮುಂದೆ ಹಿಡಿದಳು. ಗುರುವಾರ ಸಂಜೆ. ಗುರುವಾರ ರಾತ್ರಿ. ಶುಕ್ರವಾರ ಬೆಳಿಗ್ಗೆ. ಮತ್ತೆ ಗುರುವಾರ. ಎಲ್ಲ ನನ್ನ ಕೈಬರಹವೇ. ಸೆಂಟು ಬರೆದಿದ್ದೆ, ದನ ಬರೆದಿದ್ದೆ, ಎಣ್ಣೆ ಮಾತ್ರ ಒಂದು ಕಡೆಯೂ ಬರೆದಿರಲಿಲ್ಲ. ದೇವರ ಕೆಲಸವನ್ನು ಯಾರಾದರೂ ಕಾಯಿಲೆ ಪುಸ್ತಕದಲ್ಲಿ ಬರೆಯುತ್ತಾರಾ, ಊಲ್ಕಾನ್?

ಪಕ್ಕದ ಮನೆಯವನನ್ನು ಒಂದು ಸಿಗರೇಟಿಗೆ ಪೊರಕೆಯಲ್ಲಿ ಅಟ್ಟಿದವಳು ನಾನು. ಕಿಟಕಿ ಬಾಗಿಲು ಭದ್ರ ಮಾಡಿ, ವಾರಕ್ಕೊಂದು ಸಲ ನನ್ನ ಕೈಯಾರೆ ಗಂಡನಿಗೆ ಹೊಗೆ ಕುಡಿಸಿದವಳೂ ನಾನೇ. ಇವತ್ತಿಗೂ ನಂಬಲಾಗುತ್ತಿಲ್ಲ.

"ಇನ್ನೊಂದ್ ಸಲ ಹೀಗಾದ್ರೆ ನಾವು ಉಳಿಸ್ಕೊಡ್ತೀವಿ ಅಂತ ಹೇಳೋಕಾಗಲ್ಲಮ್ಮ" ಅಂದರು ಡಾಕ್ಟರು. ಸತ್ತವರಿಗೆ ಕುರಾನ್ ಓದಿಸು, ರೊಟ್ಟಿ ಹಂಚು, ಯಾರೂ ಬೇಡ ಅನ್ನಲ್ಲ, ಕರಿಯೋದು ಮಾತ್ರ ಅಂಗಳದಲ್ಲಿ ಇಟ್ಟುಕೋ ಅಂತ ಮುಲ್ಲಾ ಕೂಡ ಹೇಳಿದರು. ಇಷ್ಟೇ ಇತ್ತು ನೋಡು. ಹತ್ತು ಹೆಜ್ಜೆ ಆಚೆ ಹೋಗಿದ್ದರೆ ಸಾಕಿತ್ತು.

ಇನ್ನು ಮೇಲೆ ಎಣ್ಣೆ ಕಳಿಸಬೇಡ. ನಿನ್ನ ಎಣ್ಣೆಯದೇನೂ ತಪ್ಪಿಲ್ಲ, ಆ ಕೊರಗು ಇಟ್ಟುಕೊಳ್ಳಬೇಡ. ಒಣ ಏಪ್ರಿಕಾಟ್ ಇದ್ದರೆ ಕಳಿಸು, ನಿನ್ನಣ್ಣ ಮಗುವಿನ ಹಾಗೆ ಕೇಳುತ್ತಾರೆ. ಮಕ್ಕಳಿಗೆಲ್ಲ ನನ್ನ ಮುತ್ತು. ನಿನ್ನ ಮನೆ ಬೆಚ್ಚಗಿರಲಿ, ಮನೆಯವರ ಉಸಿರು ಹಗುರಾಗಿರಲಿ.

ನಿನ್ನ ಅತ್ತಿಗೆ,
ಕಾಲಿಪಾ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಎಣ್ಣೆಯ ಹೊಗೆಯೇ ಉಸಿರು ಕಟ್ಟಿಸುತ್ತಿದೆ ಅಂತ ನಿನ್ನಣ್ಣನಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ ಇಟ್ಟುಕೊಂಡೇ ಹೇಳಿದರು. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ, ಯಾಕೆ ಆ ಹೊಗೆಯಲ್ಲೇ ಸ್ಟೂಲು ಹಾಕಿಕೊಂಡು ಕೂತಿರಿ ಅಂತ ಜಗಳಕ್ಕೇ ನಿಂತೆ. "ವಾರವೆಲ್ಲ ನೀನು ಮಗಳ ಹೆಸರೇ ಎತ್ತಲ್ಲ ಕಣೇ. ನಾನು ಎತ್ತಿದ್ರೆ ಎದ್ದು ಹೋಗ್ತೀಯ. ಗುರುವಾರ ರೊಟ್ಟಿ ಕರೀವಾಗ ಮಾತ್ರ ಚೀನಾರ, ಚೀನಾರ ಅಂತ ಅವಳ ಹತ್ರ ಮಾತಾಡ್ತೀಯ. ಅದನ್ನ ಕೇಳೋಕೆ ಕೂತಿರ್ತಿದ್ದೆ" ಅಂದರು. ಮೊನ್ನೆ ಗುರುವಾರ ಅಂಗಳದಲ್ಲಿ ಹಿಮದ ನಡುವೆ ಕರಿದೆ. ಅವರು ಕಿಟಕಿಯ ಒಳಗಿನಿಂದ ನೋಡುತ್ತಿದ್ದರು. ನನ್ನ ಬಾಯಿ ಅಲ್ಲಾಡುವುದು ಕಾಣಿಸಿತಂತೆ, ಮಾತು ಕೇಳಿಸಲಿಲ್ಲವಂತೆ. ಒಳಗೆ ಬಂದ ಕೂಡಲೇ "ಇವತ್ತು ಅವಳಿಗೆ ಏನಂದೆ?" ಅಂತ ಕೇಳಿದರು. ನಾನು ಒಲೆ ಕಡೆ ತಿರುಗಿದೆ ಊಲ್ಕಾನ್. ಚಹಾ ಹಾಕಲಾ ಅಂದೆ.