ಅವ್ವ ಉಣಿಸಿದ ಮೈ

8-11-83, ಮಂಗಳವಾರ. ಇಟಗಿ

ಮುಂಜಾನಿ ಎರಡು ಇಂಜೆಕ್ಷನ್, ಒಂದು ಡ್ರೆಸಿಂಗ್. ಮಧ್ಯಾಹ್ನ ಕೆಳಗಿನ ಓಣ್ಯಾಗ ಹೆರಿಗಿ. ಹೆಣ್ಣು ಕೂಸು, ಗಂಟಲಾ ಭಾಳ ಜೋರ.

ಕೂಸು ಬಂತು, ಬಾಣಂತಿ ಆರಾಮ. ಏಳಲಾರದಾಕಿ ನಾನೊಬ್ಬಾಕಿನ. ನೆಲಕ್ಕ ಕುಂತಾಕಿ ಕುಂತಂಗ... ಹೊಟ್ಟಿ ತೊಡಿ ಮ್ಯಾಲ, ತೊಡಿ ನೆಲದ ಮ್ಯಾಲ. ಖೈರುನಬಿ ಒಂದು ಕೈ ಹಿಡದ್ಲು, ಬಾಣಂತಿ ಅತ್ತಿ ಇನ್ನೊಂದು. "ಅಲ್ಲಾ!" ಅಂತ ಎಳದ್ರು. ಖೈರುನಬಿ ಈ ಊರ ಹಳೇ ಸೂಲಗಿತ್ತಿ, ನಾ ಇಲ್ಲಿಗೆ ನರ್ಸ್ ಆಗಿ ಬಂದಾಗಿಂದ ನನ್ನ ಜೋಡಿ. ಕೂಸಿಗಿಂತ ನನ್ನ ಎಳಿಯೂದ ಕಷ್ಟ ಆತಂತ. ಬಾಣಂತಿ ಮಲಗಿದಲ್ಲೇ ನಕ್ಕಳು. ನಾನೂ ನಕ್ಕೆ.

ಮನಿಗೆ ಬಂದು ಪೌಡರ್ ಹಾಕ್ಕೊಂಡೆ. ಹೊಟ್ಟಿ ಮಡಿಕಿ ಕೆಳಗ ಮತ್ತ ಹುಣ್ಣು. ಚಳಿಗಾಲದಾಗೂ.

ನೂರಾ ನಾಲ್ಕು ಕಿಲೋ ಇದ್ದಾಕಿ ಎರಡು ವರ್ಷದಾಗ ಎಂಬತ್ತೆಂಟಕ್ಕ ಬಂದೀನಿ. ಅನ್ನ ಬಿಟ್ಟೆ, ಸಕ್ರಿ ಬಿಟ್ಟೆ, ಬಸ್ ಬಿಟ್ಟು ನಡದೆ. ಕೈ ಸಣ್ಣ ಆದ್ವು, ಮಾರಿ ಸಣ್ಣ ಆತು. ಹೊಟ್ಟಿ ಮಾತ್ರ ಜೋತು ಬಿದ್ದು ಹಂಗ ಉಳೀತು, ಅರ್ಧ ತುಂಬಿದ ಹಿಟ್ಟಿನ ಚೀಲದಂಗ. ಇನ್ನ ಎಷ್ಟು ನಡೀಲಿ?

15-11-83

ಹುಬ್ಬಳ್ಳಿ. ಕೊಪ್ಪಳದಿಂದ ರೈಲು. ಡಾಕ್ಟರು ಸಣ್ಣ ವಯಸ್ಸಿನವರು, ಪ್ಲಾಸ್ಟಿಕ್ ಸರ್ಜನ್. ಎತ್ತಿ ನೋಡಿದ್ರು, ಹಿಡಿದು ನೋಡಿದ್ರು.

"ಸಿಸ್ಟರ್, ಇದು ನಡದ್ರ ಹೋಗೂದಿಲ್ಲ. ಕೊಯ್ದು ತೆಗೀಬೇಕು. ಈ ಸೊಂಟದಿಂದ ಆ ಸೊಂಟದ ತನಕ ಹೊಲಿಗಿ."

"ಎಷ್ಟು ಬರ್ತೈತಿ ಸರ್?"

"ಐದಾರು ಕಿಲೋ. ಆದ್ರ ಇದೇನು ಜಾದೂ ಅಲ್ಲ. ಮತ್ತ ತಿಂದ್ರ ಮತ್ತ ಬರ್ತದ. ಕೀವು ಆಗಬಹುದು, ರಕ್ತ ಹೋಗಬಹುದು. ವಿಚಾರ ಮಾಡ್ರಿ."

ವಿಚಾರ ಎರಡು ವರ್ಷ ಮಾಡೀನಿ ಅಂದೆ. ಜನವರಿ ಹದಿನೆಂಟು ಅಂತ ಬರಕೊಂಡ್ರು.

ಹೊರಗ ಬಂದು ಒಂದು ಚಾ ಕುಡದೆ. ಸಕ್ರಿ ಇಲ್ಲದ್ದು. 

17-11-83

ನಮ್ಮ ಆಸ್ಪತ್ರಿ ಡಾಕ್ಟರ ಕಡೆ ರಜಾ ಅರ್ಜಿ ಒಯ್ದೆ. ಓದಿದ್ರು. ಕನ್ನಡಕ ತಗದ್ರು.

"ಬೊಜ್ಜಿಗೆ ಆಪರೇಷನ್ನ? ಸುಂಕಲಮ್ಮ, ಬಾಯಿ ಕಟ್ಟಿದ್ರ ಆಗೂದಿಲ್ಲೇನು?"

ಕಟ್ಟೀನಿ ಸರ್ ಅಂದೆ. ಅವರು ಕೆಟ್ಟವರಲ್ಲ. "ಹರ್ನಿಯಾ ಅಂತ ಬರೀರಿ. ಯಾರೂ ಕೇಳೂದಿಲ್ಲ," ಅಂದ್ರು.

ಹರ್ನಿಯಾ ಅಂತ ಬರದೆ. ಎಷ್ಟು ಸಲೀಸ! ಹೊಟ್ಟಿ ಕೊಯ್ಯೂದು ಅದ. ಹೆಸರು ಬದಲಾದ ಕೂಡ್ಲೆ ಮರ್ಯಾದಿ ಬಂತು.

20-11-83, ಭಾನುವಾರ

ಅವ್ವಗ ಮಾತ್ರ ಖರೇನ ಹೇಳಿದೆ. ಹೇಳಬಾರದಿತ್ತು.

ರೊಟ್ಟಿ ಬಡಿಯಾಕಿ ಕೈ ನಿಲ್ಲಿಸಿದ್ಲು.

"ಕೊಯ್ದು ಒಗಿತಾರಾ?"

"ಹೂಂ."

"ಏಳ ತಿಂಗಳಿಗೆ ಹುಟ್ಟಿದಾಕಿ ನೀ. ಅಂಗೈಯಾಗ ಹಿಡೀತಿದ್ದಿ. ಉಳಿಯೂದಿಲ್ಲ ಅಂದ್ರು ಮಂದಿ. ಹತ್ತ್ಯಾಗ ಸುತ್ತಿ ಇಟಗೊಂಡು, ಆಡಿನ ಹಾಲು ಹನಿ ಹನಿ ಹಾಕಿ ಮೈ ಮಾಡೀನಿ. ಅದು ನಾ ಉಣಿಸಿದ ಮೈ. ಅದನ್ನ ಕೊಯ್ದು ಒಗಿತಿ?"

"ಅವ್ವಾ, ಹುಣ್ಣು ಆಗ್ತೈತಿ. ಕುಂದ್ರಾಕ ಬರೂದಿಲ್ಲ..."

"ಗಂಡ ಸತ್ತು ಒಂಬತ್ತು ವರ್ಷ ಆತು. ಈಗ ಯಾರಿಗೆ ತೋರಸಾಕ?"

ಅಂದಕೂಡ್ಲೆ ಅಕೀಗೇ ಹೆಚ್ಚಾತು ಅನಸ್ತು. ತಿರಿಗಿ ರೊಟ್ಟಿ ಬಡದ್ಲು. ಹಂಚಿನ ಮ್ಯಾಲಿಂದು ಹೊತ್ತಿತು. ಇಬ್ರೂ ಉಣಲಿಲ್ಲ.

21-11-83

ಅವ್ವ ಮೊದಲ ಬಸ್ಸಿಗೆ ಕನಕಗಿರಿಗೆ ಹೋದ್ಲು, ನನ್ನ ತಮ್ಮ ವಿರುಪಣ್ಣನ ಮನಿಗೆ. ಸೀರಿ ಗಂಟು ದೊಡ್ಡದಿತ್ತು. ಎರಡು ದಿನಕ್ಕ ಹೋಗಾಕಿ ಅಲ್ಲ.

2-12-83

ಊರಿಗೆಲ್ಲಾ ಗೊತ್ತಾಗೈತಿ. ಅವ್ವ ಬಸ್ಸಿನಾಗ ಅತಗೊಂತ ಹೋಗ್ಯಾಳ, ಬಾಜು ಕುಂತಾಕಿ ಯಾಕವಾ ಅಂದಾಳ, ಇಕಿ ಹೇಳ್ಯಾಳ. ಬಸ್ಸಿಗೆ ಬಸ್ಸ ಕೇಳೈತಿ.

ಇವತ್ತ ಗಿರಣ್ಯಾಗ ಗೌಸಬೀ: "ದೇವರು ಕೊಟ್ಟ ಮೈ ನರ್ಸ್ ಬಾಯಾರ, ಕತ್ತರಿ ಹಾಕೂದ?" ಮಾಸ್ತರ ಕುಬೇರಪ್ಪ: "ದಿನಾ ಮುಂಜಾನಿ ನೀರಾಗ ನಿಂಬಿಹಣ್ಣು ಹಿಂಡಿ ಕುಡೀರಿ." ಅವರ ಹೊಟ್ಟಿ ನನ್ನ ಹೊಟ್ಟಿಗಿಂತ ಮುಂದ ಐತಿ. ಹೇಳಲಿಲ್ಲ. ಬೆನ್ನ ಹಿಂದ ಯಾರೋ: "ಗಂಡಿಲ್ಲದಾಕಿಗೆ ಯಾಕ ಬೇಕು ಈ ಚಂದ?" ತಿರಿಗಿ ನೋಡಲಿಲ್ಲ. ನೋಡಿದ್ರ ನಾಳೆ ಅಕಿ ಕೂಸಿಗೆ ಸೂಜಿ ಹಾಕೂಮುಂದ ನೆನಪಾಗ್ತೈತಿ.

ಖೈರುನಬಿ ಮಾತ್ರ ಹತ್ರ ಕುಂತು ಮೆಲ್ಲಕ ಕೇಳಿದ್ಲು.

"ಪ್ಲಾಸ್ಟಿಕ್ ಡಾಕ್ಟರಂತ ಹೌದೇನ್ರಿ?"

"ಹೌದು."

"ಹೊಟ್ಟಿಗೆ ಪ್ಲಾಸ್ಟಿಕ್ ಹಚ್ತಾರ?"

"ಇಲ್ಲಬೇ, ಹೆಸರಷ್ಟ."

"ಮತ್ತ ಬಿಸಿ ಚಾ ಕುಡದ್ರ ಕರಗೂದಿಲ್ಲಲ್ಲ?"

ನಕ್ಕು ನಕ್ಕು ಪಕ್ಕಡಿ ಹಿಡೀತು. ಹದಿನೈದು ದಿನದಾಗ ಮೊದಲ ಸಲ ಹಿಂಗ ನಕ್ಕದ್ದು. ಹರ್ನಿಯಾ ಅಂತ ಅಕೀಗೂ ಹೇಳಿದ್ದೆ. ನಂಬಿಲ್ಲ ಅನ್ನೂದು ಗೊತ್ತಾತು. ಜೋಡಿ ಬರ್ತೀನಿ ಹುಬ್ಬಳ್ಳಿಗೆ, ಅಂದ್ಲು.

14-12-83

ಆಸ್ಪತ್ರ್ಯಾಗ ಕ್ಯಾಂಪು. ಮಕ್ಕಳಾಗದಂಗ ಮಾಡೂ ಆಪರೇಷನ್ನಿಗೆ ಹೆಣಮಕ್ಕಳು ಐವತ್ತು ಮಂದಿ, ಜಮಖಾನಿ ತುಂಬ.

ಮಾರೆವ್ವ ಬಂದಿದ್ಲು. ನಾಲ್ಕು ಮಕ್ಕಳು, ಐದನೇ ಬಸಿರಿನಾಗ ಸತ್ತು ಬದುಕಿದಾಕಿ. ತಾನಾಗೇ ಕೇಳಿದ್ದು ಹೋದ ವರ್ಷ. ಅತ್ತಿಗೆ ಅಂಜಿ ತಡದಿದ್ಲು. ಅಕಿ ಹೆಸರು ಬರಕೊಳ್ಳೂಮುಂದ ಕೇಳಿದ್ಲು, ಭಾಳ ಮೆಲ್ಲಕ.

"ಬಾಯಾರ, ನಿಮ್ದೂ ಆಪರೇಷನ್ ಐತಂತ. ಹರ್ನಿಯಾ?"

"ಹೂಂ."

"ಮಂದಿ ಬೊಜ್ಜು ಅಂತಾರ."

ಪೆನ್ನು ನಿಂತಿತು. ಅಕೀನ ಅಂದ್ಲು, "ಅತ್ತಿಗೆ ಹೇಳಿ ಬಾ ಮಾರೆವ್ವ, ಕಳ್ಳರಂಗ ಬರಬ್ಯಾಡ, ನಿನ್ನ ಮೈ ನಿಂದು ಅಂತ ನೀವ ಅಂದಿದ್ರಿ. ಹೇಳಿ ಬಂದೀನ್ರಿ. ಏಟು ತಿಂದ ಬಂದೀನಿ." ಸೆರಗು ಸರಿಸಿ ಭುಜ ತೋರಿಸಿದ್ಲು. ನೀಲಿಗಟ್ಟಿತ್ತು.

ನಾ ಎದ್ದೆ. ಟೇಬಲ್ ಹಿಡದು ಎದ್ದೆ — ಸುಮ್ನ ಏಳಾಕ ಬರೂದಿಲ್ಲ. ಡಾಕ್ಟರ ಮುಂದ, ಐವತ್ತು ಹೆಣಮಕ್ಕಳ ಮುಂದ ಹೇಳಿಬಿಟ್ಟೆ.

"ಕೇಳ್ರವಾ. ನಂದು ಹರ್ನಿಯಾ ಅಲ್ಲ. ಹೊಟ್ಟಿ ಬೊಜ್ಜು ಕೊಯ್ಸಕೊಳ್ಳಾಕ ಹೊಂಟೀನಿ. ಜೋತುಬಿದ್ದು ಹುಣ್ಣಾಗ್ತೈತಿ, ಕುಂತ್ರ ಏಳಾಕ ಆಗೂದಿಲ್ಲ. ಯಾರಿಗೂ ತೋರಸಾಕಲ್ಲ. ನನಗ ಬೇಕು."

ಮೂಲ್ಯಾಗಿಂದ ಒಬ್ಬ ಮುದುಕಿ, ಸೊಸಿ ಜೋಡಿ ಬಂದಾಕಿ: "ಕೊಯ್ದದ್ದನ್ನ ಏನ ಮಾಡ್ತಾರವಾ?"

ಕ್ಯಾಂಪಿಗೆ ಕ್ಯಾಂಪ ನಕ್ಕಿತು. ಡಾಕ್ಟರು ಗ್ವಾಡಿ ಕಡೆ ತಿರಗಿ ನಕ್ರು. ಮಾರೆವ್ವ ಬಾಯಿಗೆ ಸೆರಗು ಹಿಡಕೊಂಡು, ಕಣ್ಣೀರು ಬರೂ ತನಕ.

ಸಂಜಿಮುಂದ ಹೊಸಾ ಅರ್ಜಿ ಕೊಟ್ಟೆ. "ಗಳಿಕಿ ರಜಾ ಹಾಕ್ರಿ. ಅದಕ್ಕ ಕಾರಣ ಬೇಕಿಲ್ಲ," ಅಂದ್ರು ಡಾಕ್ಟರು. ಆದ್ರೂ ಬರದೆ. ಹೊಟ್ಟಿ ಬೊಜ್ಜು ತೆಗೆಸುವ ಸಲುವಾಗಿ. ಸ್ಪಷ್ಟ ಅಕ್ಷರದಾಗ.

3-1-84, ಎಳ್ಳ ಅಮಾಸಿ

ವಿರುಪಣ್ಣ ಬಂದಿದ್ದ. ಡಬ್ಬಿ ತುಂಬ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗಿ ಆರು.

"ಅವ್ವ ಏನ ಅಂದ್ಲು?"

"ಏನೂ ಅಂದಿಲ್ಲಕ್ಕ. ಡಬ್ಬಿ ವಾಪಸ್ ತಗೊಂಡು ಬಾ ಅಂದಾಳ."

ಒಂದು ಹೋಳಿಗಿ ತಿಂದೆ. ಕಣ್ಣು ಮುಚ್ಚಿ ತಿಂದೆ. ಉಳದ ಐದು ಖೈರುನಬಿ ಮನಿಗೆ. ಡಬ್ಬಿ ತೊಳದು, ಖಾಲಿ ಕಳಸಬಾರದಂತ ಒಂದು ಮುಷ್ಟಿ ಶೇಂಗಾ ಹಾಕಿ ಕಳಿಸಿದೆ. ತಾರೀಕು ಹೇಳಿ ಕಳಿಸಿದೆ. ಬಾ ಅನ್ನಲಿಲ್ಲ. ಹೆಂಗ ಅನ್ನಲಿ?

18-1-84, ಮುಂಜಾನಿ 7. ಹುಬ್ಬಳ್ಳಿ

ವಾರ್ಡಿನಾಗ. ಸಹಿ ಮಾಡೀನಿ. ನೀರೂ ಕುಡಿಯಂಗಿಲ್ಲ. ಖೈರುನಬಿ ಮಂಚದ ಕೆಳಗ ಕುಂತು ದುವಾ ಮಾಡಾಕತ್ತ್ಯಾಳ.

ಹನ್ನೊಂದು ವರ್ಷ ಹೆಣಮಕ್ಕಳಿಗೆ ಹೇಳೀನಿ — ಅಂಜಬ್ಯಾಡ್ರವಾ, ಇರಿವಿ ಕಡದಂಗ ಆಗ್ತೈತಿ ಅಷ್ಟ ಅಂತ. ಈಗಷ್ಟ ಇಲ್ಲಿ ಸಿಸ್ಟರ್ ಬಂದು ನನಗ ಅದನ್ನ ಹೇಳಿ ಹೋದ್ಲು. ಅದ ಮಾತು, ಅದ ದನಿ. ನಂಬಬೇಕೋ ಬ್ಯಾಡೋ...

ಕರ್ಯಾಕತ್ತ್ಯಾರ.

24-1-84

ಇರಿವಿ ಅಲ್ಲ. ಚೇಳು. ಹತ್ತು ಚೇಳು. ಊರಿಗೆ ಹೋಗಿ ಎಲ್ಲಾರ ಕ್ಷಮಾ ಕೇಳಬೇಕು.

ಇವತ್ತ ಪೆನ್ನು ಹಿಡಿಯಾಕ ಬಂತು. ಬರಿಯೂದು ಐತಿ. ಅವ್ವ ಬಂದಾಳ!

ಇಪ್ಪತ್ತನೇ ತಾರೀಕು ಕಣ್ಣು ತಗದ್ರ ಎದುರಿಗೆ ಅವ್ವ. ಕನಸು ಅನಕೊಂಡೆ. ಕೊಪ್ಪಳ ದಾಟಿ ಎಂದೂ ಹೋದಾಕಿ ಅಲ್ಲ. ಕನಕಗಿರಿಯಿಂದ ಗಂಗಾವತಿ, ಗಂಗಾವತಿಯಿಂದ ಕೊಪ್ಪಳ, ಅಲ್ಲಿಂದ ರೈಲು — ಒಬ್ಬಾಕಿನ, ಯಾರ್ಯಾರನೋ ಕೇಳಿಕೊಂತ. ವಿರುಪಣ್ಣಗೂ ಹೇಳಿಲ್ಲ. ಹುಬ್ಬಳ್ಳ್ಯಾಗ ಇಳಿದು ಟಾಂಗಾದವಗ "ಪ್ಲಾಸ್ಟಿಕ್ ದವಾಖಾನಿ" ಅಂದಾಳ. ಅವ ಪ್ಲಾಸ್ಟಿಕ್ ಕೊಡ ಮಾರೂ ಅಂಗಡಿಗೆ ಒಯ್ದು ಇಳಿಸ್ಯಾನ! ಅಂಗಡಿಯವನ ಪಾಪ ಹಾದಿ ತೋರ್ಸ್ಯಾನ.

ಡಾಕ್ಟರು ರೌಂಡಿಗೆ ಬಂದಾಗ ಎದ್ದು ನಿಂತ್ಲು.

"ಎಷ್ಟು ತಗದ್ರೀ ಯಪ್ಪಾ?"

"ಆರೂವರಿ ಕಿಲೋ, ಅಜ್ಜಿ."

ಅವ್ವ ಎರಡೂ ಕೈ ಮುಂದ ಹಿಡದು, ಕೂಸು ಹಿಡದಂಗ, ತೂಕ ನೋಡಿದ್ಲು. "ಹುಟ್ಟಿದಾಗ ಇದರ ಕಾಲು ಪಾಲೂ ಇದ್ದಿಲ್ರೀ ಇಕಿ," ಅಂದ್ಲು.

ಡಾಕ್ಟರ ಭುಜಾ ತಟ್ಟಿದ್ಲು. ಆಮ್ಯಾಲ ಗಂಜಿ ಬಟ್ಟಲಾ ತಗೊಂಡು ಕುಂತ್ಲು. "ಬಾಯಿ ತಗಿ." ತಗದೆ. ನಾಲ್ಕು ಚಮಚ ಆತು. ಐದನೇದು ತರೂಮುಂದ ನಿಂತ್ಲು. "ಸಾಕೇನು?" ಅಂತ ಕೇಳಿದ್ಲು.

ಹುಟ್ಟಿದಾಗಿಂದ ಇದೊಂದು ಮಾತು ಅವ್ವನ ಬಾಯಾಗ ಕೇಳಿದ್ದಿಲ್ಲ.

9-2-84. ಇಟಗಿ

ಎಡಕಿನ ಮೂಲ್ಯಾಗ ಹೊಲಿಗಿ ಬಿಟ್ಟು ಕೀವು ಆಗಿತ್ತು. ಎಂಟು ದಿನ ಜ್ವರ, ಬರೀಲಿಲ್ಲ. ಈಗ ಆರಾಕತ್ತೈತಿ. ಡ್ರೆಸಿಂಗ್ ಅವ್ವಗ ಕಲಿಸೀನಿ. ನನಗಿಂತ ಛಲೋ ಮಾಡ್ತಾಳ, ನನಗಿಂತ ಹೆಚ್ಚು ಬೈತಾಳ.

ಖೈರುನಬಿ ಹೊಲಿಗಿ ನೋಡಿದ್ಲು. ಸೊಂಟದಿಂದ ಸೊಂಟಕ್ಕ, ತುದಿ ಎರಡೂ ಮ್ಯಾಲ ಎದ್ದಾವ. "ಹೊಟ್ಟಿ ನಕ್ಕಂಗ ಕಾಣ್ತೈತ್ರಿ ಬಾಯಾರ."

2-4-84, ಯುಗಾದಿ

ಡ್ಯೂಟಿಗೆ ಹೋಗಾಕತ್ತಿ ಎರಡು ವಾರ. ಬ್ಲೌಸು ಎಲ್ಲಾ ಸಡ್ಲ. ಹುಣ್ಣಿಲ್ಲ. ಪೌಡರ್ ಡಬ್ಬಿ ಕಪಾಟಿನ ಮ್ಯಾಲ, ಧೂಳು ತಿನ್ನಾಕತ್ತೈತಿ.

ಮಂದಿ ಮಾತು ನಿಂತಿಲ್ಲ. ಗೌಸಬೀ: "ಮೊದಲ ಛಲೋ ಇದ್ರಿ ಬಾಯಾರ, ಮಾರಿ ಕಳಿ ಹೋಗೈತಿ." ಕುಬೇರಪ್ಪ ಮಾಸ್ತರು: "ನಿಂಬಿಹಣ್ಣಿನ ನೀರು ಕುಡದ್ರಿ ಹೌದಿಲ್ಲೋ?" ಹೌದ್ರಿ ಸರ್ ಅಂದೆ. ಪಾಪ, ಖುಷಿ ಆದ್ರು.

ಬೇವು ಬೆಲ್ಲ ಕೊಡಾಕ ಬಂದ ಹೆಣಮಗಳೊಬ್ಬಾಕಿ — ಹೆಸರು ಇಲ್ಲೂ ಬರಿಯೂದಿಲ್ಲ — ಬಾಗಲಾ ಮುಚ್ಚಿ, ಹುಬ್ಬಳ್ಳಿ ಡಾಕ್ಟರ ವಿಳಾಸ ಕೇಳಿದ್ಲು. ದನಿ ಗುರ್ತು ಹಿಡದೆ. ಗಿರಣ್ಯಾಗ ಬೆನ್ನ ಹಿಂದ ಮಾತಾಡಿದಾಕಿನ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕುಂದ್ರಿಸಿ ಎಲ್ಲಾ ಹೇಳಿದೆ. ಮೊದಲ ತೂಕ ಇಳಿಸಬೇಕು, ಆಮ್ಯಾಲ ಕೀವು ಆಗಬಹುದು, ಜ್ವರ ಬರಬಹುದು. ಇರಿವಿ ಅಂತ ಮಾತ್ರ ಹೇಳಲಿಲ್ಲ.

8-4-84, ಭಾನುವಾರ, ಮಧ್ಯಾಹ್ನ

ಅವ್ವ ಬಾಜುಕ ಕುಂತು ಶೇಂಗಾ ಸುಲಿಯಾಕತ್ತ್ಯಾಳ. ಈಗಷ್ಟ ಕೇಳಿದ್ಲು, ದಿನಾ ಏನ ಬರಿತಿ ಅಂತ.

ಏನಿಲ್ಲವ್ವಾ, ಆಸ್ಪತ್ರಿದು, ಅಂದೆ. ಆಸ್ಪತ್ರಿದು ಬರಿಯೂಮುಂದ ಯಾರರೆ ನಗ್ತಾರೇನು ಅಂದ್ಲು. ಓದು ಅಂದ್ಲು.

ಓದಿದೆ. ಎಲ್ಲಾ ಅಲ್ಲ. ಟಾಂಗಾದವಂದು ಓದಿದೆ, ಬಿದ್ದು ಬಿದ್ದು ನಕ್ಕಳು. ಮತ್ತ ಹಿಂದಿಂದು ಓದು ಅಂದ್ಲು. ನವೆಂಬರ್ ಇಪ್ಪತ್ತು, ರೊಟ್ಟಿ ಹೊತ್ತಿದ ದಿನದ್ದು. ಬ್ಯಾಡ ಅಂದೆ. ಓದು ಅಂದ್ಲು. ಓದಿದೆ. ಯಾರಿಗೆ ತೋರಸಾಕ, ಅದನ್ನೂ.

ಸುಲಿಯೂ ಕೈ ನಿಂತಿತು. ಆಮ್ಯಾಲ — ತಪ್ಪು ಬರದಿ ನೀ, ಅಂದ್ಲು.

ನೀ ಅಂದದ್ದ ಬರದೀನಲ್ಲವ್ವಾ.

ಅಂದದ್ದು ಬರದಿ. ಸಿಟ್ಟಲ್ಲ ಅದು. ಅಂಜಿದ್ದೆ. ನೀ ಸಾಯ್ತಿ ಅಂತ ಅಂಜಿದ್ದೆ. ಬರಿ ಅದನ್ನ.

ಬರದೆ.

ಬರದಿ? ಹಂಗಾರ ಇನ್ನೊಂದು ಬರಿ, ಅಂತಾಳ — ಉಣಿಸಿದಾಕಿ ನಾ, ಮೈ ನಿಂದು.