ಹೊಟ್ಟೆಗೆ ಬಂದ ಸುಳ್ಳು ಚೀಟಿ

ಗಬ್ಬೂರ, ಹುಬ್ಬಳ್ಳಿ
೧೪ ನವೆಂಬರ್ ೨೦೨೪

ಶಾಂಭವಿ ವೈನಿಯವರಿಗೆ,

ಗುರುಬಸವನ ಶರಣು. ಹದಿನೆಂಟು ವರ್ಷದ ಮೇಲೆ ಮೈದುನನ ಅಕ್ಷರ ಕಂಡು ಲಕೋಟೆಯನ್ನು ಒಲೆಗೆ ಹಾಕಬೇಡಿ. ತಡವಾಯಿತೆಂದು ಕ್ಷಮೆ ಕೇಳುವ ಮುಖ ನನಗಿಲ್ಲ. ನನಗಾಗಿ ಅಲ್ಲ, ನಿಮ್ಮ ಮಗಳು ದಾಕ್ಷಾಯಿಣಿಗಾಗಿ ಕಡೆತನಕ ಓದಿ.

ತಾರಿಹಾಳದಲ್ಲಿ ನನ್ನ ಬೇಳೆ ಮಿಲ್ಲು ನಡೆದಿದೆ. ಹಮಾಲಿಯಿಂದ ಮಾಲೀಕನಾದವನು; ಇಂದಿಗೂ ಚೀಲ ಎತ್ತಿ ನೋಡಿ ತೂಕ ಹೇಳುತ್ತೇನೆ, ಕಾಟಾ ಬೇರೆ ಹೇಳಿದರೆ ಕಾಟಾ ರಿಪೇರಿಗೆ ಕಳಿಸುತ್ತೇನೆ. ಆದರೆ ಎರಡು ವರ್ಷದಿಂದ ಹೊಟ್ಟೆಯಲ್ಲಿ ಉರಿ. ತಿಂದರೆ ತುಸು ಆರಾಮ, ಆಮೇಲೆ ಮತ್ತೆ ಕೆಂಡ. ಶ್ರಾವಣದಲ್ಲಿ ಒಂದು ದಿನ ಎದೆಯ ಕೆಳಗೆ ಮುಷ್ಟಿ ಒತ್ತಿಕೊಂಡು ಕುಳಿತಿದ್ದೆ. ಹಳೆಯ ಹಮಾಲ ಅಕೀಬ ಚೀಲ ಹೊತ್ತುಕೊಂಡೇ ನಿಂತುಬಿಟ್ಟ.

“ಸಾವಕಾರ್ರ, ಹೆದರಿದ್ನಿ ನೋಡ್ರಿ. ಫಕೀರಪ್ಪಣ್ಣಾರ ಕುಂತಾರೇನೋ ಅಂದ್ನಿ.”

ಹೋಗಿ ಹದಿನೆಂಟು ವರ್ಷವಾದ ಅಣ್ಣ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕನ್ನಡಿಯಲ್ಲಿ ಅವನ ಗದ್ದ. ಹಾಲಿನ ಲೋಟಕ್ಕೆ ಚಾಚುವ ಕೈ ಅವನದು. ಕುಡಿದ ಮೇಲೆ ನಿಟ್ಟುಸಿರು ಬಿಟ್ಟು, ಬಿಟ್ಟವರು ಯಾರೆಂದು ಹಿಂದೆ ತಿರುಗಿ ನೋಡುತ್ತೇನೆ.

ಕೊನೆಗೆ ಧಾರವಾಡದ ಗಾರ್ಗಿ ಡಾಕ್ಟರ ಬಳಿ ಹೋದೆ. ರಕ್ತ, ಸ್ಕ್ಯಾನು ಎಲ್ಲ ಆದ ಮೇಲೆ ತಿಳಿಸಿ ಹೇಳಿದರು. ಊಟ ಬಂತು, ಆಮ್ಲ ಬಿಡು ಎಂದು ಹೊಟ್ಟೆಗೆ ಹೇಳಲು ರಕ್ತದಲ್ಲಿ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಹೋಗುತ್ತದಂತೆ. ನನ್ನ ಕರುಳಿನ ಮೊದಲಿಗೆ ತೊಗರಿಕಾಳಿನಷ್ಟು ಗಂಟೊಂದು ಕುಳಿತು ಅದನ್ನು ಹಗಲಿರುಳು ಬಿಡುತ್ತಿದೆಯಂತೆ. ಆ ಆಮ್ಲಕ್ಕೇ ಹುಣ್ಣು.

“ಅಂದ್ರ ಡಾಕ್ಟರ್ರ, ಮಾಲ ಬರ್ಲಿ ಬಿಡ್ಲಿ, ಮಿಲ್ಲ ಹಚ್ಚರಿ ಅಂತ ಯಾವನೋ ಸುಳ್ಳ ಚೀಟಿ ಕಳಸಾಕತ್ತಾನ?”

“ಛಲೋ ಹೇಳಿದ್ರಿ,” ಎಂದು ನಕ್ಕರು. ಆಮೇಲೆ ನಗಲಿಲ್ಲ. “ಇದು ಕೆಲವು ಮನಿತನದಾಗ ರಕ್ತದಾಗ ಬರ್ತದ. ನಿಮ್ಮ ಮನ್ಯಾಗ ಯಾರಿಗರೆ ಹಿಂಗ ಆಗಿತ್ತೇನ್ರಿ?”

ನಾನು ಬೆರಳು ಮಡಿಚಿ ಎಣಿಸಿದೆ. ಅಣ್ಣ ರಕ್ತ ಕಾರಿ ಹೋದ. ನಮ್ಮವ್ವ ದಾನವ್ವನೂ ರಕ್ತ ಕಾರಿಯೇ ಹೋದಳು, ನೀವು ನಮ್ಮ ಹೊಸ್ತಿಲು ತುಳಿಯುವ ನಾಲ್ಕು ವರ್ಷ ಮೊದಲು. ಚೀಲದಲ್ಲಿ ಹಿಡಿ ಕಾಳು ಕಮ್ಮಿಯಾದರೆ ಹಿಡಿಯುವ ನಾನು ಈ ಎರಡು ಸಾವನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ನೋಡಿದ್ದು ಬೇರೆ. ಹೊತ್ತಲ್ಲದ ಹೊತ್ತಿನಲ್ಲಿ ನೀವು ಕೊಡುವ ಅಂಬಲಿ ಕುಡಿದರೆ ಅಣ್ಣನ ನೋವು ಇಳಿಯುತ್ತಿತ್ತು. ಏನು ಉಂಡರೂ ಇಳಿಯುವುದು ಈ ಹುಣ್ಣಿನ ಗುಣವಂತೆ. ಮನೆಯವರು ಅದನ್ನೇ ಸಾಕ್ಷಿ ಮಾಡಿಕೊಂಡರು: “ಗಂಡನ್ನ ಹಿಡಿತದಾಗ ಇಟ್ಕೊಳ್ಳಾಕ ಅಂಬಲಿಯಾಗ ಮದ್ದ ಹಾಕ್ಯಾಳ. ಅದಕ್ಕ ಅಕಿ ಕೈಯಾಗಿಂದು ಕುಡದ್ರಷ್ಟ ತಣ್ಣಗಾಗತೈತಿ.” ಮದ್ದು ತೆಗೆಯುವವನ ಬಳಿ ಒಯ್ದು, ಬೇರು ಅರೆದು ಕುಡಿಸಿ, ಆ ಹುಣ್ಣಿನ ಹೊಟ್ಟೆಯನ್ನು ವಾಂತಿ ಮಾಡಿಸಿದೆವು. ಮೂರನೆಯ ದಿನ ಅಣ್ಣ ಹೋದ. ದಾಕ್ಷಾಯಿಣಿಯನ್ನು ಕಂಕುಳಲ್ಲಿ ಎತ್ತಿಕೊಂಡು ನೀವು ಹೆಬ್ಬಳ್ಳಿಯ ತವರಿಗೆ ಬಸ್ಸು ಹತ್ತಿದಿರಿ. ಯಾರೂ ತಡೆಯಲಿಲ್ಲ.

ವೈನಿ, ಕೂಸಿನ ಮೈಯಲ್ಲಿ ಓಡುವುದು ಅಣ್ಣನ ರಕ್ತ. ಈ ರೋಗ ಅವಳಿಗೂ ಬಂದೇ ಇರುತ್ತದೆ ಅಂತಲ್ಲ, ಅರ್ಧಕ್ಕರ್ಧ ಸಂಭವ. ಮೊದಲೇ ತಿಳಿದರೆ ಔಷಧವಿದೆ. ಡಾಕ್ಟರ ವಿಳಾಸ ಇದರೊಳಗೆ ಇಟ್ಟಿದ್ದೇನೆ. ನೀವು ಹೋದ ದಿನ ನಾನು ಆ ಬೀದಿಗೂ ಬರುವುದಿಲ್ಲ.

ದಾಕ್ಷಾಯಿಣಿ ನೂರು ವರ್ಷ ಬಾಳಲಿ. ಕಾಕಾನ ಹರಕೆ ಬೇಡವೆಂದರೆ ಅಪ್ಪನದೆಂದು ಹೇಳಿ.

ನಿಮ್ಮ ಮೈದುನ,
ಗುರುಬಸವ

ತಾ.ಕ.: ಮದ್ದಿನ ಮಾತು ಮನೆಯವರದು ಎಂದು ಮೇಲೆ ಬರೆದೆ. ಮೊದಲು ಆಡಿದವನು ನಾನು. ಕಡೆಯ ಮಧ್ಯಾಹ್ನ ಅಣ್ಣ, “ಗುರ್ಯಾ, ಅಕಿಗೆ ಒಂದೀಟ ಅಂಬಲಿ ತರಾಕ ಹೇಳೋ,” ಎಂದ. ನೀವು ತಂದಿರಿ. ಬಾಗಿಲಲ್ಲೇ ಇಸಿದುಕೊಂಡು, ಹಿತ್ತಲಲ್ಲಿ ಚೆಲ್ಲಿ, ಖಾಲಿ ಲೋಟ ತಂದುಕೊಟ್ಟೆ. “ಕುಡದ್ರೇನ್ರಿ?” ಎಂದಿರಿ. ಹೂಂ ಎಂದೆ. ಒಳಗೆ ಅವನು ಬಾಗಿಲನ್ನೇ ನೋಡುತ್ತಿದ್ದ. ನೀವು ತರಲಿಲ್ಲವೆಂದುಕೊಂಡೇ ಹೋದ.