ನೂರು ಗ್ರಾಂ ತೂಗಿದ ಹಸಿ ಸೋಪು

ತೂಕ-ಅಳತೆ ನೋಡುವ ಇನ್ಸ್‌ಪೆಕ್ಟರ್ ಸಾಹೇಬರಿಗೆ, ದಾವಣಗೆರೆ. (ಪತ್ರಿಕೆಯ ಮೂಲಕ ಬಹಿರಂಗ ಪತ್ರ)

ಮಾನ್ಯರೇ, ನೀವು ನನ್ನ ಮೇಲೆ ಹಾಕಿದ ಕೇಸು ತಪ್ಪು ಕೇಸು. ಗಾಬರಿಯಾಗಬೇಡಿ, ಕಟ್ಟಿದ ದಂಡವನ್ನು ವಾಪಸು ಕೇಳಲು ಬರೆಯುತ್ತಿಲ್ಲ. ನಾನು ಸರಿಯಾಗಿದ್ದಾಗ ಹಿಡಿದಿರಿ, ತಪ್ಪು ಮಾಡಿದಾಗ ಮೆಚ್ಚಿ ಹೋದಿರಿ. ನನ್ನ ದೂರು ಅದು.

ನಮ್ಮೂರು ಜಿಲ್ಲೆಯಾಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಬೀದಿಯ ಗುಂಡಿಗೆ ಮಣ್ಣು ಬೀಳುವ ಮೊದಲೇ ನಿಮ್ಮ ತಕ್ಕಡಿ ಪಿ.ಜೆ. ಬಡಾವಣೆಯ ನಮ್ಮ ಮನೆಯ ಹಿತ್ತಲಿಗೆ ಬಂತು. ಅಲ್ಲೊಂದು ತಗಡಿನ ಶೆಡ್ಡಿನಲ್ಲಿ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕಾಸ್ಟಿಕ್ ಸೋಡಾದ ನೀರು ಕೂಡಿಸಿ ಕೈಯಲ್ಲೇ ಸೋಪು ಮಾಡುತ್ತೇನೆ. ಕಾಸ್ಟಿಕ್ ಇಲ್ಲದೆ ಸೋಪಿಲ್ಲ. ಆದರೆ ಅಚ್ಚಿನಿಂದ ತೆಗೆದ ಬಿಲ್ಲೆಯನ್ನು ನೆರಳಿನಲ್ಲಿ ಒಂದೂವರೆ ತಿಂಗಳು ಒಣಗಿಸಿದರೆ ಅದರ ಉರಿಯೆಲ್ಲ ಇಳಿದು ಕೂಸಿನ ಮೈಗೂ ಹಿತವಾಗುತ್ತದೆ. ಒಣಗಿದ ಮೇಲೆ ತೂಕವೂ ಇಳಿಯುತ್ತದೆ. ನೀವು ಬಂದಿದ್ದು ಆ ಇಳಿದ ತೂಕ ಹಿಡಿಯಲು.

"ಕವರ್ ಮ್ಯಾಲೆ ನೂರು ಗ್ರಾಂ ಅಂತ ಐತೆ. ಇಲ್ಲಿ ತೊಂಬತ್ತೊಂದೇ ಬರ್ತೈತಲ್ರೀ ಅಮ್ಮಾ?" ಎಂದಿರಿ.

"ನೀರು ಆರೈತ್ರಿ ಸಾಹೇಬ್ರೆ. ಆರದಿದ್ರೆ ಮೈ ಸುಡ್ತೈತ್ರಿ" ಎಂದೆ.

"ನೀರು ಆರಿದ್ದು ನನ್ನ ತಕ್ಕಡಿಗೆ ಹೆಂಗೆ ತಿಳೀಬೇಕು? ತೂಕ ಅಂದ್ರೆ ತೂಕಾನೇ."

ಆಹಾ, ಎಂಥ ಮಾತು! ಒಣಹಾಕಿದ ಸೀರೆಯನ್ನೂ ನೀವು ತೂಗಿದ್ದರೆ ಬಿಸಿಲಿನ ಮೇಲೆ ಕೇಸು ಬೀಳುತ್ತಿತ್ತೇನೋ. ಆದರೆ ಈಗ ನಗುವ ಹಕ್ಕು ನನಗಿಲ್ಲ. ನೀವು ಕಾನೂನು ಹೇಳಿದಿರಿ, ಅಷ್ಟೆ. ಹಸಿ ಸೋಪು ಮಾರು ಎಂದು ನೀವು ಹೇಳಲಿಲ್ಲ. ನನ್ನ ಗಂಡ ವೀರೇಶ್ ಅವತ್ತೇ ಹೇಳಿದ್ದರು, "ಅಚ್ಚು ಚೂರು ದೊಡ್ಡದು ಮಾಡ್ಸಿದ್ರಾತು ಬಿಡು. ಇಲ್ಲಾಂದ್ರ ಕವರ್ ಮ್ಯಾಲೆ ತೊಂಬತ್ತು ಅಂತ ಹಾಕ್ಸು." ನನಗೆ ಎರಡೂ ಬೇಡವಾಯಿತು. ಹೊಸದಾಗಿ ಪ್ರಿಂಟ್ ಹಾಕಿಸಿದ ಬಣ್ಣದ ಕವರುಗಳು ಕೋಣೆ ತುಂಬ ಇದ್ದವು, ದೊಡ್ಡ ಬಿಲ್ಲೆ ಅವುಗಳಲ್ಲಿ ಹಿಡಿಸುತ್ತಿರಲಿಲ್ಲ. ಕಂಪನಿ ಸೋಪಿನ ಪಕ್ಕದಲ್ಲಿ ತೊಂಬತ್ತು ಎಂದು ಬರೆದುಕೊಂಡು ಕೂರಲು ನನ್ನ ಗತ್ತು ಬಿಡಲಿಲ್ಲ. ಹಾಗಾಗಿ ಸುಲಭದ ದಾರಿ ಹಿಡಿದೆ. ಒಂದೂವರೆ ತಿಂಗಳು ಒಣಗುವ ಸೋಪನ್ನು ವಾರಕ್ಕೇ ಕಟ್ಟಿದೆ.

ಸಾಹೇಬರೇ, ಕಟ್ಟುವ ಮೊದಲು ಬಿಲ್ಲೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುವುದು ನನ್ನ ರೂಢಿ. ಚುರುಕ್ ಎಂದರೆ ಇನ್ನೂ ಹಸಿ ಎಂದರ್ಥ. ಆ ಸಲ ಮುಟ್ಟಿಸಲಿಲ್ಲ. ಮುಟ್ಟಿಸಿದರೆ ಏನಾಗುತ್ತದೆಂದು ಗೊತ್ತಿತ್ತು, ಅದಕ್ಕೇ ಮುಟ್ಟಿಸಲಿಲ್ಲ.

ನೀವು ಮತ್ತೆ ಬಂದಿರಿ, ತೂಗಿದಿರಿ. "ಈಗ ನೋಡ್ರಿ, ಹೆಂಗ ಸರಿಯಾತು!" ಎಂದು ಸಂತೋಷಪಟ್ಟಿರಿ. ಮನೆಗೆ ಎರಡು ಬಿಲ್ಲೆ ಒಯ್ಯಿರಿ ಎಂದು ಬಾಯುಪಚಾರಕ್ಕೆ ಅಂದರೆ, "ಛೇ, ನಾವು ಅಂಥವೆಲ್ಲ ತಗಳಂಗಿಲ್ಲಮ್ಮ" ಎಂದು ಕೈಮುಗಿದಿರಿ. ನಿಮ್ಮ ಪ್ರಾಮಾಣಿಕತೆಗೆ ನಿಮ್ಮ ಮಕ್ಕಳ ಚರ್ಮ ಋಣಿಯಾಗಿರಲಿ.

ಅದೇ ಸೋಪು ಭಾನುವಳ್ಳಿಯ ನಾಗಕ್ಕನ ಕೈಗೆ ಹೋಯಿತು. ಭಾನುವಳ್ಳಿ ಹರಿಹರದಾಚೆ ಇರುವ ನನ್ನ ತವರೂರು. ಬಾಣಂತಿ ಮತ್ತು ಕೂಸುಗಳನ್ನು ಎರೆಯಲು ಆ ಊರಲ್ಲಿ ನಾಗಕ್ಕನನ್ನೇ ಕರೆಯುತ್ತಿದ್ದರು. ಕಾಲು ನೀಡಿ ಕೂತು, ಅದರ ಮೇಲೆ ನನ್ನನ್ನು ಮಲಗಿಸಿಕೊಂಡು ಎರೆದವಳು. ನನ್ನ ಮಗಳು ವಾಣಿಯನ್ನೂ ಎರೆದವಳು. ಅವಳು ಕಡಲೆಹಿಟ್ಟಿನ ಕಾಲದವಳು. "ಕೂಸಿಗೆ ಸೋಪ್ ಬ್ಯಾಡ ತಾಯಿ" ಎಂದವಳಿಗೆ ಗಂಟುಬಿದ್ದು ಒಪ್ಪಿಸಿದ್ದು ನಾನು. "ನೀ ಮಾಡಿದ್ದು ಅಂದ್ರ ಹಚ್ತೀನಿ ಬಿಡವ್ವ" ಎಂದಳು. ಒಣಗಿದ ಸೋಪನ್ನು ಎಷ್ಟೋ ಮನೆಗಳಲ್ಲಿ ಹಚ್ಚಿದಳು, ಯಾರಿಗೂ ಏನೂ ಆಗಲಿಲ್ಲ.

ಈ ಚಳಿಗಾಲದಲ್ಲಿ ಓಬವ್ವ ಎಂಬವರ ಮೊಮ್ಮಗುವಿಗೆ ಹಸಿ ಸೋಪು ಹಚ್ಚಿದಳು. ಕೂಸಿನ ಕತ್ತು, ತೊಡೆಯ ಸಂದು ಕೆಂಪಗಾಗಿ ಸಿಪ್ಪೆ ಎದ್ದವು. ದೇವರು ದೊಡ್ಡವನು, ಸ್ವಲ್ಪ ದಿನಕ್ಕೆ ವಾಸಿಯಾಯಿತು. ಸೋಪಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮೊದಲೂ ಅದನ್ನೇ ಹಚ್ಚಿದ್ದರಲ್ಲ? ನೀರು ಸುಟ್ಟಿತು ಎಂದರು. "ಮುದುಕಿ ಕೈ ಜಡ್ಡುಗಟ್ಟೈತೆ, ಬಿಸಿ ತಿಳಿಯಂಗಿಲ್ಲ" ಎಂದು ಓಬವ್ವ ಊರಿಗೆಲ್ಲ ಹೇಳಿದರು. ಅಂದಿನಿಂದ ನಾಗಕ್ಕನನ್ನು ಯಾವ ಮನೆಯವರೂ ಕರೆದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಅಲ್ಲವೇ?

ಸುದ್ದಿ ತಿಳಿದು ಓಡಿದೆ. ಹೇಳಿಬಿಡಬೇಕೆಂದೇ ಓಡಿದೆ. ನಾಗಕ್ಕ ನನ್ನನ್ನು ಬಚ್ಚಲಿಗೆ ಕರೆದೊಯ್ದು, ತನ್ನ ಕೈ ಪರೀಕ್ಷಿಸಿಕೊಳ್ಳಲೆಂದೇ ನೀರು ಕಾಯಿಸಿಟ್ಟಿದ್ದ ಹಂಡೆ ತೋರಿಸಿದಳು.

"ಉಮಾ, ಇದರಾಗ ಕೈ ಇಡವ್ವ. ಸುಡ್ತೈತೇನು?"

ಕೈಯಿಟ್ಟೆ. ಬೆಚ್ಚಗೆ, ಹದವಾಗಿತ್ತು. "ಇಲ್ಲ ನಾಗಕ್ಕ, ಸರಿಯಾಗೈತಿ" ಎಂದೆ.

"ನಂಗೂ ಹಂಗಾ ಅನ್ನಿಸ್ತೈತಿ. ಆದ್ರ ಅವತ್ತೂ ಹಂಗಾ ಅನ್ನಿಸಿತ್ತು ನೋಡು. ಇನ್ನ ಈ ಕೈ ನಂಬಾಕ ಬರಂಗಿಲ್ಲ. ಈಗ ನಾನೂ ತಣ್ಣೀರಾಗಾ ಜಳಕ ಮಾಡ್ತೀನಿ. ಕೂಸು ಅತ್ತಿದ್ದು ಕಿವ್ಯಾಗ ಐತಿ" ಎಂದಳು.

ಆಗ ಹೇಳಬೇಕಿತ್ತು. ನನ್ನ ಕೈ ಇನ್ನೂ ಆ ನೀರಿನಲ್ಲೇ ಇತ್ತು. ತೆಗೆದು ಸೆರಗಿಗೆ ಒರೆಸಿಕೊಂಡೆ. ಅವಳು ಕೊಟ್ಟ ಚಹಾ ಕುಡಿದೆ. ಅವಳು ಬಸ್‌ಸ್ಟ್ಯಾಂಡಿನವರೆಗೂ ಬಂದು ಬೀಳ್ಕೊಟ್ಟಳು. ಬಸ್ಸು ಹರಿಹರ ದಾಟುವಾಗ ಅಳು ಬಂತು. ಅತ್ತು ಏನು ಉಪಯೋಗ, ಥೂ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಹೋಗಿದ್ದರೆ ಹೋಗಲಿ ಎನ್ನಬಹುದಿತ್ತು. ಹೋಗಿದ್ದು ನಾಗಕ್ಕನದು.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ ಇದು. ಮಗುವನ್ನು ಸುಟ್ಟಿದ್ದು ಉಮಾಮಹೇಶ್ವರಿಯ ಒಣಗದ ಸೋಪು, ನಾಗಕ್ಕನ ಕೈಯಲ್ಲ ಎಂದು ಬರೆದು, ಮೊಹರು ಒತ್ತಿ, ಭಾನುವಳ್ಳಿಯ ಪಂಚಾಯ್ತಿ ಗೋಡೆಗೆ ಅಂಟಿಸಿ. ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎನ್ನುತ್ತೀರಿ, ಬಲ್ಲೆ. ಒಂಬತ್ತು ಗ್ರಾಂ ನಿಮ್ಮ ವ್ಯಾಪ್ತಿಗೆ ಬರುತ್ತದೆ, ಒಬ್ಬ ಮುದುಕಿಯ ಹೆಸರು ಬರುವುದಿಲ್ಲವೇ? ಮುಂದೆ ಯಾರದೇ ಸೋಪು ತೂಗಿದರೂ ಎಷ್ಟು ದಿನ ಒಣಗಿಸಿದಿರಿ ಎಂದು ಒಂದು ಮಾತು ಕೇಳಿ. ನನ್ನನ್ನು ಕೇಳಿದ್ದರೆ ನಿಮ್ಮೆದುರು ಸುಳ್ಳು ಹೇಳಲು ಧೈರ್ಯ ಸಾಲುತ್ತಿರಲಿಲ್ಲ.

ನಾಗಕ್ಕನಿಗೆ ಓದು ಬರುವುದಿಲ್ಲ. ಇದನ್ನು ಬೇರೆ ಯಾರೋ ಅವಳಿಗೆ ಓದಿ ಹೇಳಿದರೆ ನಾನು ಎರಡನೇ ಸಲ ಹೇಡಿಯಾದಂತೆ. ಈ ಪತ್ರ ಅಚ್ಚಾದ ದಿನ, ಪತ್ರಿಕೆಯ ಕಟ್ಟು ಹೊತ್ತ ಬೆಳಗಿನ ಬಸ್ಸಿನಲ್ಲೇ ನಾನೂ ಹೋಗುತ್ತೇನೆ. ಮೊದಲು ನಾಗಕ್ಕನಿಗೆ ಹೇಳುತ್ತೇನೆ. ಆಮೇಲೆ ಓಬವ್ವನವರ ಅಂಗಳದಲ್ಲಿ ಕೂತು ಅಚ್ಚಿನಿಂದ ಈಗಷ್ಟೇ ತೆಗೆದ ಒಂದು ಬಿಲ್ಲೆಯನ್ನು ನನ್ನ ತೋಳಿಗೆ ಚೆನ್ನಾಗಿ ಉಜ್ಜಿಕೊಂಡು, ನಾಗಕ್ಕನ ಕೈಯಿಂದ ತಣ್ಣೀರು ಹಾಕಿಸಿಕೊಳ್ಳುತ್ತೇನೆ. ಸುಟ್ಟಿದ್ದು ಯಾವುದೆಂದು ಊರೇ ನೋಡಲಿ.

ನೀವೂ ಬನ್ನಿ. ತಕ್ಕಡಿ ತನ್ನಿ. ಬಿಲ್ಲೆ ಸರಿಯಾಗಿ ನೂರು ಗ್ರಾಂ ಇದೆ, ತೂಗಿ ನೋಡಿ.

ಇಂತಿ,
ತೂಕದಲ್ಲಿ ಮಾತ್ರ ಸರಿಯಿದ್ದ
ಉಮಾಮಹೇಶ್ವರಿ
ಪಿ.ಜೆ. ಬಡಾವಣೆ, ದಾವಣಗೆರೆ
ಫೆಬ್ರವರಿ ೧೯೯೯